ಓಗೊಡದ ಕೂಗು

ಗುರುವಾರ, ಮಾರ್ಚ್ 9, 2017. ಬೆಳಿಗ್ಗೆ 9.40ಕ್ಕೆ ಗಜಾಲಾ ಎಂಬ ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳು ಯಲಹಂಕ ಸೀಮೆಯ ಒಂದು ಪೊಲೀಸ್ ಠಾಣೆಗೆ ದೂರು ಹಿಡಿದು ಬಂದಳು. ಹಿಂದಿನ ದಿನ ಮಧ್ಯಾಹ್ನ ಅಟ್ಟೂರಿನಾಚೆ ಬಿಳಿಗಲ್ಲು ಕಾವಲಿನ ಕಾಡಿಗೆ ಬೆಂಕಿ ಬಿದ್ದು ಅವಳ ತಂದೆ ಗುಲಾಮ್ ರಸೂಲ್ ಸತ್ತಿದ್ದ. ಐವತ್ತೆಂಟು ವರ್ಷ, ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್, ಇಪ್ಪತ್ತೆರಡು ವರ್ಷದ ಸೇವೆ. ಹೆಣ ಇನ್ನೂ ಶವಾಗಾರದಲ್ಲಿತ್ತು. ತಂದೆಯನ್ನು ಮಣ್ಣು ಮಾಡುವುದಕ್ಕೂ ಮೊದಲು ಮಗಳು ಠಾಣೆ ಮೆಟ್ಟಿಲು ಹತ್ತಿದ್ದಳು.

ಇನ್ಸ್‌ಪೆಕ್ಟರ್ ರಾಧಾಮಣಿ ಎದುರಿನ ಕುರ್ಚಿ ತೋರಿಸಿದರು.

"ಏನ್ ಬರ್ಕೊಂಡು ಬಂದಿದೀಯಮ್ಮ?"

"ಅಬ್ಬಾ ಬೆಂಕಿ ಹಚ್ಚಿಲ್ಲ ಅಂತ ಬರ್ದಿದೀನಿ ಮೇಡಂ."

"ಹಚ್ಚಿದ್ರು ಅಂತ ಯಾರು ಅಂದ್ರು?"

"ಟೀವೀಲಿ ಬಂತು. ವಾಚರೇ ಬೀಡಿ ಸೇದಿ ಎಸ್ದ, ಕಾಡು ಸುಟ್ಟ, ತಾನೂ ಸತ್ತ ಅಂತ. ನಮ್ ಬೀದಿ ಪೂರಾ ನೋಡಿದೆ. ಅಬ್ಬಾ ಹದಿನೆಂಟು ವರ್ಷದಿಂದ ಬೀಡಿ ಮುಟ್ಟಿಲ್ಲ ಮೇಡಂ. ಟಿ.ಬಿ. ಆಗಿತ್ತು ಅವ್ರಿಗೆ. ಡಾಕ್ಟ್ರ ಚೀಟಿ ತಂದಿದೀನಿ, ನೋಡಿ."

ಹಳೆಯ ಚೀಟಿ, ಮಡಿಕೆಗಳಲ್ಲಿ ಹರಿದಿತ್ತು. ರಾಧಾಮಣಿಗೆ ಟೀವಿಯ ಸುದ್ದಿ ಎಲ್ಲಿಂದ ಹುಟ್ಟಿತೆಂದು ಊಹಿಸಬೇಕಾಗಿರಲಿಲ್ಲ. ವಲಯ ಅರಣ್ಯಾಧಿಕಾರಿಯ ಪತ್ರ ನಿನ್ನೆ ಸಂಜೆಯೇ ಅವರ ಮೇಜಿಗೆ ಬಂದು ಕೂತಿತ್ತು. 'ಮೃತನು ಸೇದಿ ಎಸೆದ ಬೀಡಿಯ ಕಿಡಿಯಿಂದಲೇ ಬೆಂಕಿ ಹರಡಿರುವ ಸಾಧ್ಯತೆ ಇರುತ್ತದೆ' ಎಂದಿತ್ತು ಅದರಲ್ಲಿ. ಅರವತ್ತು ಎಕರೆ ಸುಟ್ಟುಹೋದಾಗ ಯಾರದಾದರೂ ತಲೆಗೆ ಕಟ್ಟಲೇಬೇಕು. ಸತ್ತವನ ತಲೆಯಾದರೆ ಎದುರಾಡುವುದಿಲ್ಲ, ರಜೆಯನ್ನೂ ಕೇಳುವುದಿಲ್ಲ. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ರಾಧಾಮಣಿ ಇಂಥ ಪತ್ರಗಳನ್ನು ಬೇಕಾದಷ್ಟು ನೋಡಿದ್ದರು, ಒಂದೆರಡಕ್ಕೆ ತಾವೂ ಸುಮ್ಮನೆ ಮೊಹರು ಒತ್ತಿದ್ದರು. ಆ ನೆನಪು ಅವರಿಗೆ ಹಿತವಾಗಿರಲಿಲ್ಲ.

"ಪರಿಹಾರಕ್ಕೆ ಬರ್ದಿದೀಯಾ?"

"ಇಲ್ಲ ಮೇಡಂ. ಪರಿಹಾರ ಕೊಡ್ಲಿ ಬಿಡ್ಲಿ. ಆ ಕಾಡನ್ನ ಮಕ್ಕಳ ಥರ ಸಾಕಿದ್ರು ಅವ್ರು. ಅವ್ರೇ ಸುಟ್ರು ಅಂತ ಹೆಸ್ರು ಹೊತ್ಕೊಂಡು ಮಣ್ಣಿಗೆ ಹೋಗೋದು ಬೇಡ."

ದೂರನ್ನು ಅಸಹಜ ಸಾವಿನ ಪ್ರಕರಣದ ಕಡತಕ್ಕೆ ಸೇರಿಸಿ ಸ್ವೀಕೃತಿ ಕೊಟ್ಟಾಗ 10.05. ಗಜಾಲಾ ಶವಾಗಾರದ ಕಡೆಗೆ ಹೋದಳು. ರಾಧಾಮಣಿ ಹೆಡ್ ಕಾನ್‌ಸ್ಟೆಬಲ್ ಸುಬ್ರಮಣಿಯನ್ನು ಕರೆದರು. ಸುಬ್ರಮಣಿ ಅಬ್ಬಿಗೆರೆಯ ಹಳೇ ಊರಿನವರು. ಹುಡುಗಾಟದ ವಯಸ್ಸಿನಲ್ಲಿ ಇದೇ ಕಾವಲುಗಳಲ್ಲಿ ದನ ಮೇಯಿಸಿದವರು. ನಿನ್ನೆ ಸಂಜೆ ಶವ ಪಂಚನಾಮೆ ಬರೆದವರೂ ಅವರೇ.

"ಕೈಯಲ್ಲಿ ಏನಾದ್ರೂ ಇತ್ತಾ ಸುಬ್ರಮಣಿ?"

"ಹೊಂಗೆ ಕೊಂಬೆ ಮೇಡಂ. ಬಿಗಿಯಾಗಿ ಹಿಡ್ಕೊಂಡಿದ್ದ. ಜೇಬಲ್ಲಿ ಬೀಡೀನೂ ಇಲ್ಲ, ಬೆಂಕಿಪೊಟ್ಣಾನೂ ಇಲ್ಲ."

"ಬೆಂಕಿ ಬಡಿಯೋಕೆ ಹೋಗಿದಾನೆ ಹಾಗಾದ್ರೆ."

"ನಂಗೂ ಹಂಗೇ ಅನ್ನಿಸ್ತು. ಹೆಡ್ ಕಾನ್‌ಸ್ಟೆಬಲ್ಲಿಗೆ ಅನ್ಸಿದ್ದನ್ನ ಟೀವಿಯೋರು ಕೇಳಲ್ವಲ್ಲ ಮೇಡಂ."

11.30ಕ್ಕೆ ಇಬ್ಬರು ಪಂಚರನ್ನು ಕರೆದುಕೊಂಡು ಕಾವಲು ಸೇರಿದರು. ಉತ್ತರಕ್ಕೆ ಗೇಟು, ಗೇಟಿನೆದುರು ರಸ್ತೆಯಾಚೆ ಅಪಾರ್ಟ್‌ಮೆಂಟು. ಪಶ್ಚಿಮಕ್ಕೆ ತಂತಿಬೇಲಿ, ಬೇಲಿಯಾಚೆ ಹೊಸ ಲೇಔಟಿನ ಖಾಲಿ ಸೈಟುಗಳು. ಒಳಗೆ ಎತ್ತ ನೋಡಿದರೂ ಕಪ್ಪು. ನೀಲಗಿರಿ ಮರಗಳು ಬುಡದಿಂದ ತುದಿಯವರೆಗೆ ಕರಟಿ ನಿಂತಿದ್ದವು, ಲಂಟಾನ ಪೊದೆಗಳ ಜಾಗದಲ್ಲಿ ಬೂದಿ ಗುಡ್ಡೆ. ಕಾಲಿಟ್ಟಲ್ಲೆಲ್ಲ ಬೂಟು ಬಿಸಿಯಾಗುತ್ತಿತ್ತು. ಒಂದು ಮೊಲ ಓಡುವ ಭಂಗಿಯಲ್ಲೇ ಸುಟ್ಟು ಬಿದ್ದಿತ್ತು. ಪಂಚರಲ್ಲೊಬ್ಬ ಅದನ್ನು ನೋಡಿ ಮುಖ ತಿರುಗಿಸಿಕೊಂಡ.

ರಸೂಲ್ ಬಿದ್ದ ಜಾಗ ಗೇಟಿನಿಂದ ಮುನ್ನೂರು ಅಡಿ ಒಳಗಿತ್ತು. ಬೆಂಕಿ ಹುಟ್ಟಿದ್ದು ಅಲ್ಲಲ್ಲ. ಇನ್ನೂ ಬಹುದೂರ, ಪಶ್ಚಿಮದ ಬೇಲಿಯ ಹತ್ತಿರ. ಅಲ್ಲಿ ಸುಬ್ರಮಣಿ ನೆಲ ನೋಡುತ್ತ ಹೆಜ್ಜೆ ಎಣಿಸಿಕೊಂಡು ನಡೆದರು.

"ಮೇಡಂ, ಬೀಡಿ ಬೆಂಕಿ ಆದ್ರೆ ಒಂದ್ ಕಡೆ ಹತ್ಕೊಳುತ್ತೆ. ಇಲ್ನೋಡಿ. ಆರಾರು ಹೆಜ್ಜೆಗೆ ಒಂದೊಂದು. ಒಟ್ಟು ಎಂಟು ಕಡೆ."

ಎಂಟನೆಯ ಜಾಗದಲ್ಲಿ ಒಣಹುಲ್ಲನ್ನು ಹೊಸೆದು ಕಟ್ಟಿದ ಪಂಜಿನ ಹಿಡಿ ಸಿಕ್ಕಿತು. ಅಲ್ಲಿಂದ ಹತ್ತಡಿ ದೂರದಲ್ಲಿ ಕರಗಿ ಮುದ್ದೆಯಾದ ನೀಲಿ ಪ್ಲಾಸ್ಟಿಕ್ ಬಿಂದಿಗೆ, ಅದರ ಪಕ್ಕ ಅರ್ಧ ಸುಟ್ಟ ಗೋಣಿಚೀಲ. ರಾಧಾಮಣಿ ಚೀಲದ ಮಡಿಕೆಯೊಳಗೆ ಬೆರಳಿಟ್ಟರು. ಒಳಗಿನ್ನೂ ತೇವ ಇತ್ತು.

"ಕಾಡು ಸುಡೋಕೆ ಬಂದೋನು ನೀರು ಯಾಕೆ ತರ್ತಾನೆ?" ಎಂದರು.

ಹಚ್ಚುವುದೂ ಗೊತ್ತಿರುವ, ಆರಿಸುವುದೂ ಗೊತ್ತಿರುವ ಕೈ ಇದು ಎಂದು ಇಬ್ಬರಿಗೂ ಹೊಳೆದಿತ್ತು.

ಪಂಚನಾಮೆ ಮುಗಿಸುವ ಮೊದಲು ರಾಧಾಮಣಿ ಇನ್ನೊಂದು ವಿಚಿತ್ರ ನೋಡಿದರು. ಆ ಕರಿಯ ಬಯಲಿನ ನಡುವೆ ಏಳು ಎಕರೆಯಷ್ಟು ಜಾಗ ಹಸಿರಾಗಿ ಉಳಿದಿತ್ತು. ಕಮರ, ಹೊನ್ನೆ, ಬೇವು, ಬಿಲ್ವಾರ, ಬೆಟ್ಟದ ನೆಲ್ಲಿ. ಎರಡಾಳೆತ್ತರದ ಎಳೇ ಮರಗಳು, ನೆಟ್ಟು ಬೆಳೆಸಿದ್ದೆಂದು ಸಾಲು ನೋಡಿದರೆ ತಿಳಿಯುತ್ತಿತ್ತು. ಅದರ ಮೂರು ದಿಕ್ಕಿಗೂ ಮೂವತ್ತು ಅಡಿ ಅಗಲದ ಪಟ್ಟಿ, ಪಟ್ಟಿಯಲ್ಲಿ ಗೇಣುದ್ದದ ಹೊಸ ಹುಲ್ಲು. ಅಷ್ಟು ದೂರದಿಂದ ಅಬ್ಬರಿಸಿಕೊಂಡು ಬಂದ ಬೆಂಕಿ ಆ ಪಟ್ಟಿಯ ಅಂಚಿಗೆ ಬಂದು ತಿನ್ನಲು ಏನೂ ಸಿಗದೆ ಮಲಗಿಬಿಟ್ಟಿತ್ತು. ಪಶ್ಚಿಮಕ್ಕೆ ಮಾತ್ರ ಪಟ್ಟಿ ಇರಲಿಲ್ಲ. ಅಲ್ಲಿ ಮೊದಲ ಎರಡು ಸಾಲು ಗಿಡ ಬಾಡಿದ್ದವು.

ಅಷ್ಟರಲ್ಲಿ ವಲಯ ಅರಣ್ಯಾಧಿಕಾರಿ ಬೆವರು ಒರೆಸಿಕೊಳ್ಳುತ್ತ ಬಂದರು.

"ಈ ಪಟ್ಟಿ ಏನ್ ಸರ್?"

"ಬೆಂಕಿ ರೇಖೆ ಮೇಡಂ. ಜನವರೀಲಿ ಸುಟ್ಟಿದ್ದು."

"ಬೆಂಕಿ ಬರಬಾರದು ಅಂತ ಬೆಂಕಿ ಹಚ್ತೀರಾ?"

"ಹೌದು. ಜನವರಿ ಬೆಳಿಗ್ಗೆ ಇಬ್ಬನಿ ಇರುತ್ತೆ, ಗಾಳಿ ಇರಲ್ಲ. ಬೆಂಕಿ ಮೊಣಕಾಲ ಮೇಲೆ ಏಳಲ್ಲ, ಹೇಳ್ದಂಗೆ ಕೇಳುತ್ತೆ. ಪಟ್ಟಿ ಪಟ್ಟಿಯಾಗಿ ಹುಲ್ಲು ಸುಟ್ಟಿಟ್ರೆ ಬೇಸಿಗೇಲಿ ಎಲ್ಲಿಂದ ಕಿಡಿ ಬಿದ್ರೂ ಮುಂದಕ್ಕೆ ದಾರಿ ಇರಲ್ಲ. ಮೊದಲಿಂದಾನೂ ಕಾವಲು ಪೂರ್ತಿ ಹಿಂಗೇ ಮಾಡ್ತಿದ್ರು."

"ಈ ಸಲ ಏಳೇ ಎಕರೆಗೆ ಯಾಕೆ?"

"ಮೂರು ವರ್ಷದಿಂದ ಸುಡೋದು ನಿಲ್ಸಿದೀವಿ. ಹೊಗೆ ಬರುತ್ತೆ ಅಂತ ಅಪಾರ್ಟ್‌ಮೆಂಟಿನೋರು ಅರ್ಜಿ ಮೇಲೆ ಅರ್ಜಿ. ಆಗ ನಾನು ಹೊಸಬ, ಅನುಮತಿ ಕೊಡ್ಲಿಲ್ಲ. ಹುಲ್ಲು ಎದೆಮಟ್ಟ ಬೆಳೀತು. ವಾಚರುಗಳು ಇಬ್ರೂ ಕದ್ದು ಈ ಪ್ಲಾಟಿನ ಸುತ್ತ ಸುಟ್ಕೊಂಡಿದಾರೆ. ಇವ್ರೇ ಬೀಜ ಆಯ್ದು ತಂದು ಬೆಳ್ಸಿದ್ದು ಇದು. ಮೂರು ಕಡೆ ಮುಗ್ಸೋ ಹೊತ್ತಿಗೆ ನಂಗೆ ಗೊತ್ತಾಯ್ತು. ನಿಲ್ಸಿ, ಮುಚ್ಚಳಿಕೆ ಬರೆಸ್ಕೊಂಡೆ."

"ಇಬ್ರು ಅಂದ್ರೆ?"

"ರಸೂಲ್, ಮುನಿವೆಂಕಟಯ್ಯ. ರಸೂಲ್ ಹೆಸ್ರು ಖಾಯಂ ಮಾಡೋ ಪಟ್ಟೀಲಿತ್ತು. ಇನ್ನೊಂದ್ಸಲ ಮಾಡಿದ್ರೆ ಹೆಸ್ರು ತೆಗೀತೀನಿ ಅಂದಿದ್ದೆ."

"ನಿನ್ನೆ ಮುನಿವೆಂಕಟಯ್ಯ ಎಲ್ಲಿದ್ರು?"

"ರಜೆ. ಹಲ್ಲುನೋವು ಅಂತ."

"ಬೀಡಿ ವಿಷಯ ಯಾರು ಹೇಳಿದ್ರು ನಿಮಗೆ?"

"ಸಾಮಾನ್ಯವಾಗಿ ಹಾಗೇ ಆಗಿರುತ್ತೆ ಮೇಡಂ..."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ," ಎಂದರು ಅಧಿಕಾರಿ. ಕೆಟ್ಟ ಮನುಷ್ಯನಲ್ಲ, ಹೆದರಿದ ಮನುಷ್ಯ.

ಮರಣೋತ್ತರ ಪರೀಕ್ಷೆ ಮುಗಿದು ಅಂದೇ ಸಂಜೆ ರಸೂಲನನ್ನು ಮಣ್ಣು ಮಾಡಿದರು. ಸುಬ್ರಮಣಿ ಮಫ್ತಿಯಲ್ಲಿ ಹೋಗಿ ಬಂದರು.

"ಜನ ಬಂದಿದ್ರಾ?"

"ಕಮ್ಮಿ ಮೇಡಂ. ಟೀವಿ ಪ್ರಭಾವ. ಮುನಿವೆಂಕಟಯ್ಯ ಬಂದಿದ್ದ. ಹೆಗಲು ಕೊಟ್ಟ, ಮೂರು ಹಿಡಿ ಮಣ್ಣೂ ಹಾಕ್ದ. ಎಡಗೈಲಿ ಹಾಕ್ದ. ಬಲಗೈಗೆ ಟವೆಲ್ ಸುತ್ಕೊಂಡಿದ್ದ."

ಶುಕ್ರವಾರ, ಮಾರ್ಚ್ 10. ಬೆಳಿಗ್ಗೆ 10.15ಕ್ಕೆ ರಾಧಾಮಣಿ ಗೇಟಿನೆದುರಿನ ಅಪಾರ್ಟ್‌ಮೆಂಟಿಗೆ ಹೋದರು. ಸಂಘದ ಕಾರ್ಯದರ್ಶಿ ವನಿತಾ ಎಂಬಾಕೆ ಸಿ.ಸಿ. ಕ್ಯಾಮೆರಾದ ಕೋಣೆಗೆ ಕರೆದೊಯ್ದರು. ಹೊಗೆಯ ಅರ್ಜಿಗಳಿಗೆ ಮೊದಲ ಸಹಿ ಇವರದೇ. ಅದನ್ನು ಅವರೇ ಹೇಳಿದರು.

"ಮಗನಿಗೆ ವೀಸಿಂಗ್ ಮೇಡಂ. ಆಗೆಲ್ಲ ಜನವರೀಲಿ ಹತ್ತು ದಿನ ಹೊಗೆ ಬರ್ತಿತ್ತು, ಹತ್ತು ದಿನಾನೂ ನೆಬುಲೈಸರ್. ಮೊನ್ನೆ ಒಂದೇ ಮಧ್ಯಾಹ್ನದ ಹೊಗೆಗೆ ಆಸ್ಪತ್ರೆಗೆ ಸೇರಿಸ್ಬೇಕಾಯ್ತು. ಆ ಹತ್ತು ದಿನ ಯಾಕೆ ಸುಡ್ತಿದ್ರು ಅಂತ ಯಾರಾದ್ರೂ ಒಂದ್ ಮಾತು ಹೇಳಿದ್ರೆ..."

ಕ್ಯಾಮೆರಾ ಕಾವಲಿನ ಗೇಟಿಗೆ ನೇರವಾಗಿತ್ತು. 2.48ಕ್ಕೆ ಒಬ್ಬ ಸೈಕಲ್ ತಳ್ಳಿಕೊಂಡು ಬಂದ. ತಲೆಗೆ ಟವೆಲು, ಕ್ಯಾರಿಯರ್ ಮೇಲೆ ಗೋಣಿಚೀಲ, ಹ್ಯಾಂಡಲಿಗೆ ನೀಲಿ ಬಿಂದಿಗೆ. ಮುಖ ಕಾಣಲಿಲ್ಲ. ಗೇಟು ತೆರೆದು ಒಳಗೆ ಹೋದ. 3.21ಕ್ಕೆ ಖಾಕಿ ಅಂಗಿಯ ಇನ್ನೊಬ್ಬ ಓಡಿ ಬಂದ. ಗೇಟಿನ ಪಕ್ಕದ ಹೊಂಗೆಯಿಂದ ಕೊಂಬೆ ಮುರಿದುಕೊಂಡ. ಒಳಗೆ ನುಗ್ಗುವವನು ತಟ್ಟನೆ ನಿಂತು ಎರಡೂ ಕೈ ಬಾಯಿಗೆ ಹಿಡಿದು ಏನೋ ಕೂಗಿದ. ಕಿವಿಗೊಟ್ಟ. ಮತ್ತೆ ಕೂಗಿದ, ಮತ್ತೆ ಕಿವಿಗೊಟ್ಟ. ಮೂರನೆಯ ಸಲವೂ ಹಾಗೇ ಮಾಡಿ, ಕ್ಷಣ ಕಾದು, ಒಳಗೆ ಓಡಿದ. 3.34ಕ್ಕೆ ಕ್ಯಾಮೆರಾ ತುಂಬ ಹೊಗೆ.

ಕ್ಯಾಮೆರಾದಲ್ಲಿ ಸದ್ದಿರಲಿಲ್ಲ. ಆ ಮೂರು ಕೂಗು ಏನೆಂದು ತಿಳಿಯದೆ ರಾಧಾಮಣಿಗೆ ಇಡೀ ದಿನ ಸಮಾಧಾನವಿರಲಿಲ್ಲ. ಸಂಜೆ 5.30ಕ್ಕೆ ಗಜಾಲಾಳನ್ನು ಕರೆಸಿದರು. ಮೊದಲು ಎರಡನೆಯ ದೃಶ್ಯ ತೋರಿಸಿದರು. ಕೊನೆಯ ಸಲ ಓಡುತ್ತಿರುವ ತಂದೆಯನ್ನು ಅವಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ನೋಡಿದಳು.

"ಏನ್ ಕೂಗ್ತಿದಾರಮ್ಮ?"

"'ಹೋಯ್' ಅಂತ. ಮೂರು ಸಲ. ಅದು ಅವ್ರ ಪದ್ಧತಿ ಮೇಡಂ. ಹುಲ್ಲಿನೊಳಗೆ ಒಬ್ಬರಿಗೊಬ್ರು ಕಾಣಲ್ಲ. ಒಬ್ರು ಕೂಗ್ಬೇಕು, ಇನ್ನೊಬ್ರು ಓ ಅನ್ಬೇಕು. ಓ ಅಂದ ಮೇಲೇನೇ ಕಡ್ಡಿ ಗೀರೋದು. ಹೊಗೆ ಕಂಡಾಗ್ಲೂ ಹಂಗೇ. ಕೂಗ್ದಾಗ ಒಳಗಿಂದ ಓ ಬಂದ್ರೆ ನಮ್ಮೋರು ಹಚ್ಚಿರೋ ಬೆಂಕಿ, ಎಲ್ಲಿದೆ ಅಂತ ತಿಳ್ಕೊಂಡು ಹೊರಗೇ ನಿಲ್ತಾರೆ. ಬರ್ಲಿಲ್ಲ ಅಂದ್ರೆ ಕಳ್ಳಬೆಂಕಿ. ಓಡಿಹೋಗಿ ಬಡೀಲೇಬೇಕು."

"ಆವತ್ತು ಓ ಬರ್ಲಿಲ್ಲ."

"ಹೆಂಗ್ ಬರುತ್ತೆ ಮೇಡಂ? ಓ ಅನ್ನೋರು ಮುನಿವೆಂಕಟಯ್ಯ ಚಾಚಾ ಒಬ್ರೇ. ಅವ್ರು ರಜೆ ಇದ್ರಲ್ಲ."

ರಾಧಾಮಣಿ ಮೊದಲಿನ ದೃಶ್ಯ ಹಾಕಿದರು. ಸೈಕಲ್ಲು, ಟವೆಲು, ಎಡಕ್ಕೆ ವಾಲಿ ನಡೆಯುವ ನಡಿಗೆ.

"ಇವರ್ಯಾರು ಗೊತ್ತಾ?"

ಎರಡು ದಿನದಿಂದ ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಹೇಳಿದ್ದ ಹುಡುಗಿ ಈಗ ತಡವರಿಸಿದಳು.

"ಸರಿಯಾಗಿ ಕಾಣ್ತಿಲ್ಲ ಮೇಡಂ," ಎಂದಳು. ಆಮೇಲೆ ತಲೆನೋವೆಂದು ಎದ್ದು ಹೋದಳು.

ಅಂದು 7.10ಕ್ಕೆ ಅಪರಿಚಿತ ವ್ಯಕ್ತಿಯ ಮೇಲೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪಕ್ಕೆ 304-ಎ ಕಲಮಿನಡಿ, ಅರಣ್ಯ ಕಾಯ್ದೆಯಡಿಯೂ ಎಫ್.ಐ.ಆರ್. ದಾಖಲಾಯಿತು.

ಶನಿವಾರ, ಮಾರ್ಚ್ 11. ಬೆಳಿಗ್ಗೆ 9.20ಕ್ಕೆ ಅಟ್ಟೂರಿನ ಹಳೇ ಊರಿನೊಳಗೆ ಮುನಿವೆಂಕಟಯ್ಯನ ಮನೆ. ಹೆಂಡತಿ ಮುನಿಕೆಂಪಮ್ಮ ಪೊಲೀಸರನ್ನು ನೋಡಿ ಗಾಬರಿಯಾದಳು. ಸುಬ್ರಮಣಿ ಅವಳನ್ನು ಸಮಾಧಾನ ಮಾಡುವಂತೆ ಕುಡಿಯಲು ನೀರು ಕೇಳಿದರು. ಅವಳು ತಂಬಿಗೆಯಲ್ಲಿ ತಂದುಕೊಟ್ಟಳು.

"ನೀರಿಗೂ ಬರ ಬಂದೈತೆ ನೋಡಪ್ಪ. ಇದ್ದ ನೀಲಿ ಬಿಂದಿಗೆ ಎಲ್ಲೋಯ್ತೋ ಕಾಣೆ. ಈ ಮನುಷ್ಯನ್ನ ಕೇಳಿದ್ರೆ ಬಾಯೇ ಬಿಡಲ್ಲ. ಮೂರು ದಿನ ಆತು, ಒಂದ್ ತುತ್ತು ಇಟ್ಟು ಉಂಡಿಲ್ಲ."

ಸುಬ್ರಮಣಿ ತಂಬಿಗೆ ಕೆಳಗಿಟ್ಟರು. ಒಂದು ಹೆಂಗಸು ನೀರು ಕೊಟ್ಟು ತನ್ನ ಗಂಡನನ್ನೇ ಹಿಡಿದುಕೊಟ್ಟಿದ್ದಳು, ಅವಳಿಗೆ ಅದು ಗೊತ್ತೂ ಇರಲಿಲ್ಲ.

"ಈಗ ಎಲ್ಲವ್ರೆ ಅಕ್ಕ?"

"ಇನ್ನೆಲ್ಲಿ? ಕಾವಲಾಗೇ."

ಬಾಡಿದ ಎರಡು ಸಾಲುಗಳ ಬುಡಕ್ಕೆ ಮುನಿವೆಂಕಟಯ್ಯ ಎಡಗೈಯಲ್ಲಿ ಡಬ್ಬಿಯಿಂದ ನೀರು ಹಾಕುತ್ತಿದ್ದ. ಅರವತ್ತಮೂರು ವರ್ಷ, ಸಣಕಲು ಆಳು. ಪೊಲೀಸರು ಬರುವುದನ್ನು ನೋಡಿ ಡಬ್ಬಿ ಕೆಳಗಿಟ್ಟ. ಓಡುವ ಯೋಚನೆ ಅವನಿಗೆ ಬಂದಂತೆ ಕಾಣಲಿಲ್ಲ. ಬಂದಿರಲ್ಲ, ಸದ್ಯ, ಎನ್ನುವ ಹಾಗಿತ್ತು ಮುಖ.

"ಕೈಗೆ ಏನಾಯ್ತು?" ರಾಧಾಮಣಿ ಕೇಳಿದರು.

"ಸುಟ್ಕಂಡೆ ತಾಯಿ."

"ಯಾವಾಗ?"

"ಅವ ಸತ್ತ ದಿನ."

"ಬೆಂಕಿ ಹಚ್ಚಿದ್ಯಾರು?"

"ನಾನೇ ಅಚ್ಚಿದ್ದು."

ಸುಬ್ರಮಣಿ ಬರೆದುಕೊಳ್ಳಲು ಶುರು ಮಾಡಿದರು. ರಾಧಾಮಣಿ ಬಾಡಿದ ಗಿಡಗಳ ನೆರಳಲ್ಲೇ ಒಂದು ಕಲ್ಲಿನ ಮೇಲೆ ಕೂತರು, ಅವನನ್ನೂ ಕೂರಿಸಿದರು.

"ಮೂವತ್ತೊಂದು ವರ್ಷ ಕೆಲಸ ಮಾಡಿದೀರಿ. ಮಾರ್ಚ್ ತಿಂಗಳಲ್ಲಿ, ಮಧ್ಯಾಹ್ನ ಮೂರು ಗಂಟೇಲಿ ಹಚ್ಚಬಾರದು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಅವನಿಗೆ ಕಲ್ಸಿಕೊಟ್ಟೋನೇ ನಾನು. ಬೆಳಿಗ್ಗೆ ಅತ್ತು ಗಂಟೆ ಮೇಲೆ ಕಡ್ಡಿ ಗೀರಬ್ಯಾಡ ಅಂತ."

"ಮತ್ತೆ?"

"ಭಾನುವಾರ ಬೇಲಿಯಾಚೆ ಕಸಕ್ಕೆ ಬೆಂಕಿ ಇಟ್ಟಿದ್ರು, ಕಿಡಿ ಒಳಕ್ಕೆ ಬಂತು. ಇಬ್ರೂ ಬಡ್ದು ಆರಿಸಿದ್ವಿ. ಆ ಕಡೆ ಒಂದೇ ಲೈನು ಬಾಕಿ. ಇನ್ನೊಂದು ಕಿತ ಕಿಡಿ ಬಿದ್ರೆ ಗಿಡ ಉಳಿಯಲ್ಲ ಅಂತ ನಂಗೆ ನಿದ್ದೆ ಇಲ್ಲ. ಒಂಬತ್ತು ವರ್ಷ ಒತ್ತು ತಂದು ಆಕಿದ ನೀರು ತಾಯಿ ಇದಕ್ಕೆ. ಬೆಳಿಗ್ಗೆ ಅಚ್ಚಾಣ ಅಂದ್ರೆ ವಾಕಿಂಗ್ ಜನ, ಅವನೂ ಇರ್ತಾನೆ. ಮಧ್ಯಾಹ್ನ ಊಟಕ್ಕೆ ಅವ ಚೆಕ್‌ಪೋಸ್ಟಿಗೆ ಓಗ್ತಾನೆ. ಆಗ ಬಂದೆ."

"ಅವ್ರಿಗೆ ಯಾಕೆ ಹೇಳ್ಲಿಲ್ಲ?"

"ಮುಚ್ಚಳಿಕೆ ಬರ್ಕೊಟ್ಟಿದ್ದ. ಖಾಯಂ ಆಗೋ ಟೈಮು. ಏಳಿದ್ರೆ ನನ್ನೊಬ್ಬನ್ನೇ ಬಿಡ್ತಿರ್ಲಿಲ್ಲ, ಬಂದೇಬರ್ತಿದ್ದ. ಸಿಕ್ಕಾಕ್ಕಂಡ್ರೆ ಅವನ ಕೆಲಸ ಓಗ್ತದೆ. ನಂಗೇನು, ವಯಸ್ಸಾಯ್ತು, ಯಾವ ಪಟ್ಟೀಲೂ ನನ್ನೆಸ್ರಿಲ್ಲ. ಅದಕ್ಕೇ ಒಬ್ನೇ ಬಂದೆ."

ಗಾಳಿ ಬೇಲಿಯ ಕಡೆಗಿತ್ತು, ಬೆಂಕಿ ಹುಲ್ಲು ತಿಂದು ಬೇಲಿಯಾಚೆ ಲೇಔಟಿನ ರಸ್ತೆಯ ಅಂಚಿಗೆ ಹೋಗಿ ಸಾಯುತ್ತದೆಂದು ಲೆಕ್ಕ ಹಾಕಿದ್ದ. ಎಂಟನೆಯ ಕಡೆ ಹಚ್ಚುವ ಹೊತ್ತಿಗೆ ಸುಳಿಗಾಳಿ ಎದ್ದು ಬೆಂಕಿ ಉತ್ತರಕ್ಕೆ ತಿರುಗಿತು. ಮೂರು ವರ್ಷದ ಹುಲ್ಲು. ಒದ್ದೆ ಗೋಣಿಯಲ್ಲಿ ಬಡಿದಷ್ಟೂ ಅದು ಅವನನ್ನು ದಾಟಿ ಹೋಯಿತು. ಗಿಡದ ಸಾಲಿಗೆ ತಗಲದ ಹಾಗೆ ನೋಡಿಕೊಂಡನೇ ಹೊರತು ಮುಂದೆ ಹೋದದ್ದನ್ನು ತಡೆಯಲಾಗಲಿಲ್ಲ. ಆಗಲೇ ಗೇಟಿನ ಕಡೆಯಿಂದ ಕೂಗು.

ರಾಧಾಮಣಿ ಕೈಸನ್ನೆಯಿಂದ ಸುಬ್ರಮಣಿಯ ಪೆನ್ನು ನಿಲ್ಲಿಸಿದರು. ಯಾಕೆ ಹಾಗೆ ಮಾಡಿದರೆಂದು ಅವರಿಗೇ ಆಮೇಲೆ ಸರಿಯಾಗಿ ಹೇಳಲಾಗಲಿಲ್ಲ. ಈ ಮುದುಕನ ಮೇಲೆ ಅವರಿಗೆ ಮರುಕ ಹುಟ್ಟಿತ್ತು, ಅಷ್ಟೆ.

"ಗಾಳಿ ಜೋರಿತ್ತು ಅಂದ್ರಿ. ಬೆಂಕಿ ಸದ್ದು ಬೇರೆ. ಕೂಗು ಕೇಳಿಸದೇನೂ ಇರಬಹುದಲ್ವಾ?"

"ಕೇಳಿಸ್ತು ತಾಯಿ. ಮೂರೂ ಕೇಳಿಸ್ತು."

"ಮತ್ತೆ ಓ ಅನ್ಲಿಲ್ಲ?"

"ಓ ಅಂದ್ರೆ ನಾನೇ ಅಂತ ಗೊತ್ತಾಗಿ, ಒರಗೆ ನಿಲ್ದೆ ನನ್ನತ್ರ ಬರ್ತಾನೆ, ಕೇಸಿಗೆ ಸಿಕ್ಕಾಕ್ಕತಾನೆ ಅಂತ ಉಸಿರು ಬಿಗಿ ಇಡ್ಕಂಡು ಕೂತೆ. ಸುಮ್ನಿದ್ರೆ ಫೈರ್ ಸ್ಟೇಷನ್‌ಗೆ ಫೋನ್ ಮಾಡಾಕೆ ವಾಪಸ್ ಓಗ್ತಾನೆ ಅನ್ಕಂಡೆ. ಓ ಬರದೇ ಇದ್ರೆ ಒಳಕ್ಕೇ ಓಡ್ಬೇಕು ಅಂತ ನಾನೇ ಅಲ್ವಾ ಅವನಿಗೆ ಕಲ್ಸಿದ್ದು... ಆ ಗಳಿಗೇಲಿ ಅದು ತಲೆಗೇ ಬರ್ಲಿಲ್ಲ."

ಅವನು ಅಳಲಿಲ್ಲ. ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಸುಬ್ರಮಣಿ ಮಾತ್ರ ಕಣ್ಣೊರೆಸಿಕೊಂಡರು. ಮುನಿವೆಂಕಟಯ್ಯನ ಬಂಧನವಾದದ್ದು 10.50ಕ್ಕೆ, ಆ ಗಿಡಗಳ ನಡುವೆ.

ಮಧ್ಯಾಹ್ನ ಅರಣ್ಯಾಧಿಕಾರಿ ಠಾಣೆಗೆ ಬಂದು, ಬೀಡಿಯ ಬಗ್ಗೆ ತಾವು ಬರೆದದ್ದು ಊಹೆ ಮಾತ್ರವೆಂದು ಹೇಳಿಕೆ ಕೊಟ್ಟರು. ಮುಂದಿನ ಜನವರಿಯಲ್ಲಿ ಕಾವಲು ಪೂರ್ತಿ ರೇಖೆ ಸುಡಲು ಅನುಮತಿ ಕೇಳಿ ಮೇಲಿನವರಿಗೆ ಬರೆದಿರುವುದಾಗಿಯೂ ಹೇಳಿದರು. ಆ ಕೆಲಸ ಬಲ್ಲವರು ಈ ವಲಯದಲ್ಲಿ ಇಬ್ಬರೇ ಇದ್ದರು. ಒಬ್ಬ ಮಣ್ಣಲ್ಲಿದ್ದ, ಇನ್ನೊಬ್ಬ ಠಾಣೆಯ ಬೆಂಚಿನ ಮೇಲೆ ಕೂತಿದ್ದ.

ಸಂಜೆ 4.15ಕ್ಕೆ ಗಜಾಲಾ ಬಂದಳು. ಬೆಂಚಿನ ಮೇಲಿದ್ದವನನ್ನು ನೋಡಿ ಅವಳು ಬಾಗಿಲಲ್ಲೇ ನಿಂತಳು. ರಾಧಾಮಣಿ ಅವಳನ್ನು ಒಳಗೆ ಕೂರಿಸಿ ನಡೆದದ್ದನ್ನೆಲ್ಲ ಹೇಳಿದರು, ಏನನ್ನೂ ಮುಚ್ಚಲಿಲ್ಲ.

"ನಿನ್ನೆ ಗುರುತು ಹಿಡಿದಿದ್ದೆ ಅಲ್ವಾ?"

"ಸೈಕಲ್ ನೋಡಿದ ತಕ್ಷಣ ಗೊತ್ತಾಯ್ತು ಮೇಡಂ. ಆ ಕ್ಯಾರಿಯರ್ ಮೇಲೆ ಕೂತು ಸ್ಕೂಲಿಗೆ ಹೋಗ್ತಿದ್ದೆ ನಾನು. ಅಮ್ಮಿ ಸತ್ತ ಮೇಲೆ ಮುನಿಕೆಂಪಮ್ಮನ ಮನೇಲೇ ಉಂಡಿದ್ದು."

ರಾಧಾಮಣಿ ಒಂದು ಹಾಳೆ ಮುಂದಿಟ್ಟರು. ಗುರುತು ಪತ್ತೆಯ ಪಂಚನಾಮೆ.

"ಇದನ್ನ ನಿಂಗೆ ನೇರವಾಗಿ ಹೇಳ್ತೀನಿ. ಪೊಲೀಸರ ಮುಂದೆ ಒಪ್ಕೊಂಡಿದ್ದು ಕೋರ್ಟಲ್ಲಿ ನಿಲ್ಲಲ್ಲ. ನೀಲಿ ಬಿಂದಿಗೆ ಮನೆಗೊಂದಿರುತ್ತೆ. ಕ್ಯಾಮೆರಾದಲ್ಲಿರೋದು ಇವ್ರೇ ಅಂತ ಗುರುತಿಸೋಳು ನೀನೊಬ್ಳೇ. ನಿನ್ನ ಸಹಿ ಇದ್ರೆ ಕೇಸು ನಿಲ್ಲುತ್ತೆ. ಇಲ್ದಿದ್ರೆ ಯಾರು ಹಚ್ಚಿದ್ರು ಅನ್ನೋದು ಹಾಗೇ ಉಳಿಯುತ್ತೆ. ಊರಿನ ಬಾಯಲ್ಲಿ ಬೀಡಿ ಮಾತೂ ಉಳಿಯುತ್ತೆ."

ಗಜಾಲಾ ಹಾಳೆಯನ್ನು ನೋಡುತ್ತ ಕೂತಳು. ಎರಡು ದಿನದ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಯಾವುದನ್ನು ಕೇಳಿದ್ದಳೋ ಅದು ಈಗ ಕೈಗೆ ಸಿಕ್ಕಿತ್ತು. ತಂದೆಯ ಹೆಸರು ತೊಳೆಯಬೇಕಾದರೆ ತಂದೆಯಂತಿದ್ದವನನ್ನು ಬಿಟ್ಟುಕೊಡಬೇಕು. ಅವಳಿಗೆ ಉಳಿದಿದ್ದವನು ಅವನೊಬ್ಬನೇ.

"ಗೊತ್ತಾಗ್ತಿಲ್ಲ ಅಂತ ಬರ್ಕೊಂಬಿಡಿ ಮೇಡಂ," ಎಂದಳು ಕೊನೆಗೆ. "ಬೀಡಿ ಅಂತಾನೇ ಇರ್ಲಿ. ಅಬ್ಬಾ ಇದ್ದಿದ್ರೂ ಹಂಗೇ ಅಂತಿದ್ರು."

ಬಾಗಿಲು ತೆರೆದೇ ಇತ್ತು. ಬೆಂಚಿನಿಂದ ಮುನಿವೆಂಕಟಯ್ಯ ಎದ್ದ. ಕಾನ್‌ಸ್ಟೆಬಲ್ ತಡೆಯಹೋದ, ರಾಧಾಮಣಿ ಬಿಡು ಎಂದರು.

"ಬ್ಯಾಡ ಮಗ," ಎಂದ ಅವನು, ಬಾಗಿಲ ಚೌಕಟ್ಟು ಹಿಡಿದುಕೊಂಡು. "ಅವ ಬೀಡಿ ಸೇದಿ ಕಾಡು ಸುಟ್ಟ ಅಂತ ನಾನು ಬದುಕಿರೋಗಂಟ ಜನ ಅನ್ನೋದು, ನಾನು ಕೇಳ್ಕಂಡು ಓಡಾಡೋದು... ಅದು ನನ್ ಕೈಲಾಗಲ್ಲ. ಜೈಲಲ್ಲಿರಾಕೆ ಆಗ್ತದೆ. ಅದಾಗಲ್ಲ. ರುಜು ಆಕು."

"ಚಾಚಾ..."

"ಆಕವ್ವ."

ಆರೋಪಿಯ ಉದ್ದೇಶವೇನೆಂಬ ಕಡೆ ರಾಧಾಮಣಿ ಆಮೇಲೆ ಕೇಸ್ ಡೈರಿಯಲ್ಲಿ ಹೀಗೆ ಬರೆದರು: 'ಆರೋಪಿಗೆ ಮೃತನ ಮೇಲೆ ಯಾವುದೇ ದ್ವೇಷ ಇರುವುದಿಲ್ಲ. ಇಬ್ಬರೂ ಸೇರಿ ಬೆಳೆಸಿದ ಗಿಡಗಳನ್ನು ಮುಂದೆ ಬರಬಹುದಾದ ಬೆಂಕಿಯಿಂದ ಕಾಪಾಡುವುದು, ಮೃತನ ಕೆಲಸ ಉಳಿಸುವುದು, ಇವೆರಡೇ ಅವನ ಉದ್ದೇಶ ಆಗಿರುತ್ತದೆ.' ಬರೆದು ಎರಡು ಸಲ ಓದಿದರು. ಬದಲಾಯಿಸುವಂಥದ್ದು ಏನೂ ಇರಲಿಲ್ಲ.

ಗಜಾಲಾ ಪೆನ್ನು ತೆಗೆದುಕೊಂಡಳು. ಮೊದಲನೆಯ ಸಲ ಅಕ್ಷರ ಕೆಟ್ಟಿತು. ಸುಬ್ರಮಣಿ ಅದರ ಕೆಳಗೆ ಇನ್ನೊಮ್ಮೆ ಹಾಕಲು ಜಾಗ ತೋರಿಸಿದರು. ಅವಳು ಪೂರ್ತಿ ಹೆಸರು ಬರೆದು, ಪಕ್ಕದಲ್ಲಿ ಗುಲಾಮ್ ರಸೂಲರ ಮಗಳು ಎಂದು ಸೇರಿಸಿದಳು. ಸಮಯ 4.50.